ತಿಂಡಿಯಲ್ಲಿ ನಾಲ್ಕಾಣೆ

ಮದುವೆಯಾಗಿ ಹದಿನೆಂಟು ವರ್ಷವಾದರೂ ಗಂಡನಿಗೆ ಬೆಳಗಿನ ತಿಂಡಿ ಮಾಡಿ ಹಾಕುವ ಕರ್ಮ ನನಗಿರಲಿಲ್ಲ. ಪುಣ್ಯವೆಂದರೆ ಅದು. ಪಂಜದ ಪೇಟೆಯಲ್ಲಿ ನಮ್ಮದೊಂದು ತುಂಡು ಜಾಗವಿತ್ತು, ಅದರಲ್ಲಿ ಮೂಸಕುಂಞಿಯ ಹೋಟೆಲು. ಬಾಡಿಗೆ ಬೇಡ, ದಿನಾ ತಿಂಡಿ ಕೊಟ್ಟರೆ ಸಾಕೆಂದು ನಲವತ್ತಾರರಲ್ಲಿ ನಮ್ಮವರೇ ಛಾಪಾಕಾಗದದಲ್ಲಿ ಕರಾರು ಬರೆಸಿದ್ದರು: 'ಬೆಳಗಿನ ತಿಂಡಿಯಲ್ಲಿ ನಾಲ್ಕಾಣೆ ಜಾಗದವರಿಗೆ ಸಲ್ಲತಕ್ಕದ್ದು.' ಆಗ ನಾಲ್ಕಾಣೆಗೆ ಇವರು ಹೊಟ್ಟೆ ಬಿರಿಯ ತಿಂದು, ನನಗೂ ಬಾಳೆಲೆಯಲ್ಲಿ ಕಟ್ಟಿಸಿಕೊಂಡು ಬರುತ್ತಿದ್ದರು. ಬರುವವರೆಗೆ ಮನೆಯಲ್ಲಿ ನಾನೇ ರಾಣಿ.

ಆಣೆ ಹೋಗಿ ಹೊಸ ಪೈಸೆ ಬಂತು. ಉದ್ದು, ಎಣ್ಣೆ, ಸಕ್ಕರೆ ಎಲ್ಲದಕ್ಕೂ ಬೆಲೆ ಏರಿತು. ಮೊದಲು ಬಾಳೆಲೆಯ ಕಟ್ಟು ನಿಂತಿತು. ಅರವತ್ತನಾಲ್ಕರ ಹೊತ್ತಿಗೆ ಇವರ ಎದುರಿಗೂ ಒಂದು ದೋಸೆ, ಒಂದು ಚಾ ಮಾತ್ರ.

"ಕರಾರು ಕರಾರೇ ಬೋಜಪ್ಪಣ್ಣ," ಎಂದನಂತೆ ಮೂಸಕುಂಞಿ. "ನಾಲ್ಕಾಣೆ ಅಂದ್ರೆ ಇಪ್ಪತ್ತೈದು ಪೈಸೆ. ರೂಪಾಯಿ ಸಣ್ಣ ಆದ್ರೆ ನಾನೆಂತ ಮಾಡುದು?"

ಪುತ್ತೂರಿನ ವಕೀಲರೂ ಅದನ್ನೇ ಹೇಳಿದರು. ಅಷ್ಟು ಹೇಳಲು ಐದು ರೂಪಾಯಿ ಫೀಸು. ಇವರು ಮನೆಗೆ ಬಂದು, "ನಾಳೆಯಿಂದ ನೀನೇ ದೋಸೆ ಮಾಡು," ಎಂದರು. ಸಂಜೆ ರುಬ್ಬಿಡುವುದು, ನಸುಕಿಗೇ ಎದ್ದು ಒಲೆ ಊದುವುದು, ನನಗೆ ಸುತಾರಾಂ ಬೇಡವಾಗಿತ್ತು.

"ತೋಟದಲ್ಲಿ ನಿಮ್ಮ ತಮ್ಮನದ್ದು ಎಷ್ಟು?" ಎಂದು ಕೇಳಿದೆ.

"ನಾಲ್ಕಾಣೆ ಪಾಲು."

"ಹಾಗಾದ್ರೆ ಇಪ್ಪತ್ತೈದು ಪೈಸೆ ಕೊಟ್ಟು ಕಳಿಸ್ತೀರಾ ಅವನನ್ನು? ಹದಿನಾರಾಣೆಯಲ್ಲಿ ನಾಲ್ಕಾಣೆ, ಅಂದ್ರೆ ಕಾಲು ಪಾಲು ಅಲ್ವಾ? ಕರಾರಿನಲ್ಲೂ ಹಾಗೇ ಉಂಟು, ತಿಂಡಿಯಲ್ಲಿ ನಾಲ್ಕಾಣೆ. ದುಡ್ಡು ಅಂತ ಎಲ್ಲಿ ಬರೆದದ್ದು?"

ಇವರ ಮುಖ ಅರಳಿತು. ಮರುದಿನ ಹೋಟೆಲಿನ ಒಲೆಯ ಪಕ್ಕ ಕುಳಿತು, ನಾಲ್ಕು ದೋಸೆ ಬೆಂದರೆ ಒಂದನ್ನು ತಮ್ಮದೆಂದು ತೆಗೆದಿಡತೊಡಗಿದರಂತೆ. ಮೂಸಕುಂಞಿ ಜಗಳ ಮಾಡಲಿಲ್ಲ.

"ಪಾಲು ಅಂದ್ರೆ ಪಾಲು, ಒಪ್ಪಿದೆ," ಎಂದ. "ಹಾಗಾದ್ರೆ ಕೆಲಸದಲ್ಲೂ ನಾಲ್ಕಾಣೆ ನಿಮ್ಮದೇ ಅಲ್ವಾ ಮಾರಾಯ್ರೆ? ರುಬ್ಬುಕಲ್ಲು ಅಲ್ಲಿ ಉಂಟು."

ಚಾ ಕುಡಿಯುತ್ತಿದ್ದವರೆಲ್ಲ ಇವರನ್ನೇ ನೋಡುತ್ತಿದ್ದರು. ಎದ್ದು ಬಂದರೆ ಮಾನ ಹೋಗುತ್ತಿತ್ತು.

ಮಧ್ಯಾಹ್ನ ಮನೆಗೆ ಬಂದವರ ಒಂದು ಕೈಯಲ್ಲಿ ದೋಸೆಯ ದೊಡ್ಡ ಕಟ್ಟು, ಇನ್ನೊಂದು ಕೈಯಲ್ಲಿ ರುಬ್ಬಿ ರುಬ್ಬಿ ಎದ್ದ ಬೊಕ್ಕೆ.

"ಸೊಂಟ ಹೋಯ್ತು ನೀಲಾವತಿ. ರುಬ್ಬುದು ಮನುಷ್ಯರು ಮಾಡುವ ಕೆಲಸ ಅಲ್ಲ. ಅವನ ತಿಂಡಿ ಬೇಡ, ನಾಳೆಯಿಂದ ಮನೆಯದ್ದೇ ಸಾಕು."

"ಆಗಬಹುದು," ಎಂದೆ. "ಮನೆಯಲ್ಲಿ ರುಬ್ಬುದು ಯಾರು?"

ಇವರು ತಮ್ಮ ಅಂಗೈಯನ್ನೇ ತಿರುಗಿಸಿ ನೋಡಿಕೊಂಡರು. ನನಗೆ ನಗು ಬಂತು, ಸ್ವಲ್ಪ ಪಾಪವೂ ಅನ್ನಿಸಿತು. ಬೊಕ್ಕೆಗೆ ತೆಂಗಿನೆಣ್ಣೆ ಹಚ್ಚಿದೆ. ಆದರೆ ಉದ್ದು ನೆನೆಹಾಕಲಿಲ್ಲ.

ಮರುದಿನ ಬೆಳಕು ಹರಿಯುವ ಮೊದಲೇ ಇವರು ಮುಂಡಾಸು ಸುತ್ತಿಕೊಂಡು ಅಂಗಳಕ್ಕಿಳಿದರು. ಎಲ್ಲಿಗೆ ಎಂದು ಕೇಳಿದೆ.

"ಮೂಸಕುಂಞಿಯ ಕಲ್ಲು ಅಷ್ಟೇನೂ ಭಾರ ಇಲ್ಲ," ಎಂದರು.