ವಸಂತಪುರದ ಹಾಳೆ

"ನೀನು ಹೋದ್ರೆ ನನ್ ಕಥೆ ಮುಗೀತು ತಾತ!" ಅರ್ಪಿತ ಬಾಗಿಲಿಗೆ ಅಡ್ಡ ನಿಂತಳು.

ತಿಮ್ಮರಾಯಪ್ಪ ಹಸಿರು ಶಾಲು ಕೊಡವಿ ಹೆಗಲಿಗೇರಿಸಿದ. ವಸಂತಪುರದಲ್ಲಿ ಅವನು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಆರು ಬಾಡಿಗೆ ಮನೆಗಳಿವೆ. ಹೊಲ ಹೋದರೂ ಶಾಲು ಹೋಗಿರಲಿಲ್ಲ. ಹುಡುಗರನ್ನು ನಾಲ್ಕೇ ವರ್ಷಕ್ಕೆ ಸೈನ್ಯಕ್ಕೆ ತಗೊಂಡು, ನಾಲ್ವರಲ್ಲಿ ಮೂವರನ್ನು ವಾಪಸ್ ಕಳಿಸುವ ಅಗ್ನಿಪಥ ಯೋಜನೆ ಬೇಡವೆಂದು ರೈತ ಸಂಘ ಇವತ್ತು ಬನಶಂಕರಿಯಲ್ಲಿ ಧರಣಿ ಕೂರುತ್ತಿತ್ತು. ಅದೇ ಯೋಜನೆಗೆ ಸೇರಬೇಕೆಂದು ಮೊಮ್ಮಗಳು ದಿನಾ ಬೆಳಿಗ್ಗೆ ಮೈದಾನದಲ್ಲಿ ಓಡುತ್ತಿದ್ದಳು. ಗ್ರಹಚಾರ ಅಂದರೆ ಇದೇ.

"ಸೇರ್ಬೇಕಂದ್ರೆ ಯಾವ ಪ್ರತಿಭಟನೆಗೂ ಹೋಗಿಲ್ಲ ಅಂತ ನಾನು ಬರ್ಕೊಡ್ಬೇಕು. ಪೊಲೀಸ್ ವೆರಿಫಿಕೇಶನ್ ಬೇರೆ ಇದೆ."

"ಹೋಗ್ತಿರೋನು ನಾನು ಕಣವ್ವ, ನೀನಲ್ಲ. ನಾಲ್ಕು ವರ್ಷ ಆದ್ಮೇಲೆ ನಿನ್ನ ಮನೆಗೆ ಅಟ್ತಾರಲ್ಲ, ಅದನ್ನ ಕೇಳೋರು ಯಾರು?"

"ಮೊದ್ಲು ಒಳಗೆ ಹೋಗಕ್ಕೆ ಬಿಡು!"

ಅವಳ ಕಣ್ಣು ತುಂಬಿತ್ತು. ಆದರೂ ತಿಮ್ಮರಾಯಪ್ಪ ಚಪ್ಪಲಿ ಮೆಟ್ಟಿಯೇಬಿಟ್ಟ.

ಬಸ್ ನಿಲ್ದಾಣದ ಎದುರು ಶಾಮಿಯಾನ ಹಾಕಿದ್ದರು. ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಘೋಷಣೆ ಕೂಗಿದ, ಎದ್ದ, ನೀರು ಕುಡಿದ, ಮತ್ತೆ ಕೂತ. ಮನಸ್ಸು ಬಾಗಿಲ ಹತ್ತಿರವೇ ನಿಂತಿತ್ತು. ಪಕ್ಕದಲ್ಲಿ ಅವನೂರಿನ ಹಳೇ ಗೆಳೆಯ ಬೋರಣ್ಣ ಹಾಜರಿ ಪುಸ್ತಕದಿಂದ ಹಾಳೆ ಬಿಡಿಸಿ ಮನವಿ ಪತ್ರಕ್ಕೆ ಪಿನ್ ಹೊಡೆಯುತ್ತಿದ್ದ. ಒಂದೊಂದು ಊರಿಗೆ ಒಂದೊಂದು ಹಾಳೆ. ಮೂವತ್ತು ವರ್ಷದಿಂದ ಎಲ್ಲ ಚಳವಳಿಗೂ ವಸಂತಪುರದ ಹಾಳೆ ಬರೆಯುವವನು ಅವನೇ.

"ನಮ್ಮೂರಿಂದ ಬಂದಿರೋದು ಒಂಬತ್ತು ಜನ ಅಲ್ವೇನಯ್ಯ? ಇಲ್ಲಿ ನಲವತ್ತೊಂದು ಅಂತದೆ?"

"ಇದೇನ್ ಹೊಸದಾ? ಮನೆಯಿಂದ ಒಬ್ಬ ಬಂದ್ರೆ ಮನೆಯವರೆಲ್ಲ ಬಂದಂಗೆ. ನೀನೇ ತಾನೆ ಕಲಿಸಿದ್ದು?"

ಹೌದು, ಅವನೇ ಕಲಿಸಿದ್ದ. ತಲೆ ಜಾಸ್ತಿ ಕಂಡರೆ ಸರ್ಕಾರ ಹೆದರುತ್ತದೆ ಎಂದು ಒಂದು ಕಾಲದಲ್ಲಿ ತೊಟ್ಟಿಲ ಕೂಸಿನ ಹೆಸರನ್ನೂ ಬರೆಸಿದ್ದ. ತಿಮ್ಮರಾಯಪ್ಪ ಹಾಳೆಯ ಮೇಲೆ ಬೆರಳಾಡಿಸಿದ. ಅವನ ಮನೆಯವರೆಲ್ಲ ಅಲ್ಲಿದ್ದರು: ತಿಮ್ಮರಾಯಪ್ಪ, ನಾರಾಯಣಮ್ಮ, ಮೋಹಿತ್, ಅರ್ಪಿತ. ಬೋರಣ್ಣನ ದುಂಡು ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು.

"ಅಯ್ಯೋ, ಮೊಮ್ಮಗಳ ಹೆಸರು ಯಾಕೋ ಬರೆದೆ! ತೆಗಿ, ತೆಗಿ!"

"ಗೀಚಿದ್ರೂ ಕಾಣ್ತದೆ. ಬಿಡು ಮಾರಾಯ, ಯಾರು ಓದ್ತಾರೆ?"

"ಪೊಲೀಸ್ನೋರು ಓದ್ತಾರೆ ಕಣೋ!"

ಅಷ್ಟರಲ್ಲಿ ಮನವಿ ಸ್ವೀಕರಿಸಲು ಅಧಿಕಾರಿ ಜೀಪಿನಿಂದ ಇಳಿದರು. ಸಂಘದವರು ಫೋಟೋಗೆ ಸಾಲಾಗಿ ನಿಂತರು. ಬೋರಣ್ಣ ಮನವಿ ಹಿಡಿದು ಮುಂದೆ ಹೋದ. ಅಧಿಕಾರಿ ಕೈ ಚಾಚಿದರು. ತಿಮ್ಮರಾಯಪ್ಪ ಜನರ ನಡುವೆ ನುಗ್ಗಿ, ಪಿನ್ನಿನ ಸಮೇತ ವಸಂತಪುರದ ಹಾಳೆಯನ್ನು ಪರ್‍ರೆಂದು ಕಿತ್ತುಕೊಂಡ.

ಎಲ್ಲರೂ ಅವನನ್ನೇ ನೋಡಿದರು. ಅಧಿಕಾರಿ ಉಳಿದದ್ದನ್ನು ತೆಗೆದುಕೊಂಡು ಹೊರಟುಹೋದರು.

"ನಮ್ಮೂರೇ ಇಲ್ದಂಗೆ ಮಾಡ್ಬಿಟ್ಟೆಯಲ್ಲೋ," ಎಂದ ಬೋರಣ್ಣ. ದನಿ ಏರಿಸಲಿಲ್ಲ. ಬೈದಿದ್ದರೆ ತಿಮ್ಮರಾಯಪ್ಪನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮನೆಯಲ್ಲಿ ಅರ್ಪಿತ ಹಾಳೆ ಬಿಡಿಸಿ ಓದಿದಳು. ತನ್ನ ಹೆಸರಿನ ಮೇಲೆ ಅವಳ ಕಣ್ಣು ನಿಂತಿತು. ಆಮೇಲೆ ಮೇಲಕ್ಕೆ ಸರಿಯಿತು.

"ನಿನ್ ಹೆಸ್ರೂ ಹೋಯ್ತಲ್ಲ ತಾತ."

"ಹೋಗ್ಲಿ ಬಿಡು."

ಮಾರನೆಯ ಬೆಳಿಗ್ಗೆ ಮೈದಾನದಲ್ಲಿ ಅವಳು ಗೆರೆಯ ಮೇಲೆ ನಿಂತಳು. ಏಳೂವರೆ ನಿಮಿಷದೊಳಗೆ ನಾಲ್ಕು ಸುತ್ತು ಮುಗಿಸಬೇಕು. ತಿಮ್ಮರಾಯಪ್ಪ ಸ್ಟಾಪ್‌ವಾಚ್ ಹಿಡಿದು "ಹೂಂ" ಎಂದ. ಅವಳು ಓಡಿದಳು.

ದಿನಾ ಅದೇ ಹೊತ್ತಿಗೆ ವಾಕಿಂಗ್ ಬರುವ ಬೋರಣ್ಣ ಅದೇ ಗಳಿಗೆಯಲ್ಲಿ ಬಂದ. ಗೇಟಿನ ಹತ್ತಿರ ಇವನನ್ನು ಕಂಡು, ರಸ್ತೆ ದಾಟಿ ಆ ಕಡೆ ಹೋದ. ಬೋರಣ್ಣನ ಹಸಿರು ಶಾಲು ತಿರುವಿನಲ್ಲಿ ಮರೆಯಾಗುವ ತನಕ ತಿಮ್ಮರಾಯಪ್ಪ ನೋಡುತ್ತಲೇ ನಿಂತ.

"ಎಷ್ಟಾಯ್ತು ತಾತ?" ಏದುಸಿರು ಬಿಡುತ್ತಾ ಅರ್ಪಿತ ಮಂಡಿ ಹಿಡಿದು ಬಗ್ಗಿದಳು.

ಅವನು ವಾಚು ನೋಡಿದ. ಗುಂಡಿ ಒತ್ತುವುದನ್ನೇ ಮರೆತಿದ್ದ, ಅದು ಸೊನ್ನೆಯಲ್ಲೇ ಇತ್ತು.

ಅರ್ಪಿತ ವಾಚು ನೋಡಿದಳು, ಅವನ ಮುಖ ನೋಡಿದಳು, ಖಾಲಿ ತಿರುವನ್ನೂ ನೋಡಿದಳು. ಮತ್ತೆ ಗೆರೆಯ ಮೇಲೆ ಹೋಗಿ ನಿಂತಳು.