ಹಾವಸೆಯ ಕಪಾಟು

ದಂಟು ಸೀಳಿ ನೋಡದೆ ಹೊನ್ನೂರಪ್ಪ ಯಾವ ಗಿಡವನ್ನೂ ನಂಬುತ್ತಿರಲಿಲ್ಲ. ಬಳ್ಳಾರಿಯ ಕಾಲೇಜೊಂದರ ಸಸ್ಯಶಾಸ್ತ್ರದ ಪ್ರಯೋಗಶಾಲೆಯಲ್ಲಿ ಹದಿನೆಂಟು ವರ್ಷ ಜವಾನನಾಗಿದ್ದ ಈ ಬಾದನಹಟ್ಟಿಯ ಮನುಷ್ಯ, ಯಾರೋ ದೊರೆ ಬಿಟ್ಟುಹೋದ ಕರಿಯ ಕೋಟನ್ನು ಮೊಣಕಾಲವರೆಗೆ ಇಳಿಬಿಟ್ಟುಕೊಂಡು, ಕಳೆದದ್ದೇನನ್ನೋ ಹುಡುಕುವವನಂತೆ ನೆಲ ನೋಡುತ್ತಲೇ ನಡೆಯುತ್ತಿದ್ದ. ಜೇಬಿನಲ್ಲಿ ಸದಾ ಒಂದಿಷ್ಟು ಹಸಿ ಬೇರು, ಒಂದು ಮೊಂಡು ಚಾಕು.

ಸಿರುಗುಪ್ಪದ ಗದ್ದೆಗಳಿಂದ ಪಾಚಿಯನ್ನೂ ಕುರುಗೋಡಿನ ಗುಡ್ಡದ ನೆರಳುಬಂಡೆಗಳಿಂದ ಮಖಮಲ್ಲಿನಂತೆ ಹಬ್ಬುವ ಹಾವಸೆ, ಗರಿಯೆಲೆಯ ಜರೀಗಿಡಗಳನ್ನೂ ತರುವವನು ಅವನೇ. ಪಾಚಿ, ಹಾವಸೆ, ಜರೀಗಿಡಗಳಿಗೆ ಒಂದೊಂದು, ಊಟಿಯಿಂದ ಪಾರ್ಸೆಲ್ ಬಂದ ಪೈನ್ ಕಾಯಿಗೊಂದು, ಹೂಬಿಡುವ ಗಿಡಗಳಿಗೊಂದು, ಹೀಗೆ ಐದು ಕಪಾಟುಗಳ ಸಸ್ಯಕುಲವನ್ನು ಅಕ್ಷರ ಬಾರದ ಹೊನ್ನೂರಪ್ಪ ಬೆರಳಿನಿಂದಲೇ ಬಲ್ಲವನಾಗಿದ್ದ. ಲೆಕ್ಚರರ್ ವೆಂಕಣ್ಣನವರು ಪುಸ್ತಕದಿಂದ ಬಲ್ಲವರು.

ಸಾವಿರದ ಒಂಬೈನೂರ ನಲವತ್ತೆಂಟರಲ್ಲಿ ತಂಟೆ ಎದ್ದದ್ದು ಕುರುಗೋಡಿನ ಒಂದು ಗಿಡದಿಂದ. ಒಣಗಿದರೆ ಮುಷ್ಟಿಯಂತೆ ಮುದುಡಿ, ನೀರು ಕುಡಿದರೆ ಬಿಚ್ಚಿಕೊಳ್ಳುವ ಅದು ಹಾವಸೆಯಂತೆ ಕಂಡದ್ದೇ ತಡ, ವೆಂಕಣ್ಣನವರು ಅದನ್ನು ಹಾವಸೆಯ ಕಪಾಟಿಗೆ ಸೇರಿಸಿದರು. ಹೊನ್ನೂರಪ್ಪ ಒಂದು ಎಳೆಯನ್ನು ಕೆಂಪು ಶಾಯಿಯ ನೀರಿನಲ್ಲಿ ನಿಲ್ಲಿಸಿ, ಮರುದಿನ ಸೀಳಿ, ಅವರ ಮೇಜಿನ ಮೇಲಿಟ್ಟ. ದಂಟಿನ ನಡುವೆ ಕೆಂಪು ಗೆರೆ ಕಾಣುತ್ತಿತ್ತು.

“ಹಾವಸಿಗೆ ನೀರೇರೋ ನರ ಇರಂಗಿಲ್ರಿ. ಇದಕ್ಕ ಐತಿ. ಇದು ಜರೀಗಿಡದ ಮನಿತನದ್ದು.”

“ಕಪಾಟು ಒರಸೋದು ನಿನ್ನ ಕೆಲಸ. ಇನ್ನೊಮ್ಮೆ ಮುಟ್ಟಿದ್ರ ಮನಿಗೆ ಕಳಸ್ತೀನಿ ಲೇ!”

ಆದರೂ ಎರಡು ಸಲ ಅವನು ಗಿಡವನ್ನು ಜರೀಗಿಡಗಳ ಕಪಾಟಿಗೆ ಸಾಗಿಸಿದ; ಎರಡು ಸಲವೂ ವೆಂಕಣ್ಣನವರು ಬೈದು, ಅವನ ಕೈಯಿಂದಲೇ ಹಿಂದಕ್ಕೆ ಇಡಿಸಿದರು. ಮನೆಯಲ್ಲಿ ಹೆಂಡತಿ ಹುಲುಗಮ್ಮ ಹಾಸಿಗೆ ಹಿಡಿದಿದ್ದಳು. ಮೂರನೆಯ ಸಲ ಅವನು ಮುಟ್ಟಲಿಲ್ಲ.

ಮದರಾಸಿನಿಂದ ಬಂದ ಪರೀಕ್ಷಕರು ಹಾವಸೆಯ ಕಪಾಟು ತೆರೆದವರೇ ನಕ್ಕು, ಇದನ್ನು ಇಲ್ಲಿಟ್ಟವರು ಯಾರೆಂದು ಕೇಳಿದರು. ವೆಂಕಣ್ಣನವರು ಜವಾನನತ್ತ ಬೆರಳು ತೋರಿಸಿದರು. ಅದು ಸುಳ್ಳೆನ್ನುವಂತೆಯೂ ಇರಲಿಲ್ಲ, ಇಟ್ಟ ಕೈ ಅವನದೇ.

“ತಡೀರಿ ಸಾಹೇಬ್ರ, ನಾ ಮೊದಲ ಹೇಳಿದ್ನಲ್ರಿ...” ಎಂದು ಹೊನ್ನೂರಪ್ಪ ತೊಡಗುವಷ್ಟರಲ್ಲಿ ಪರೀಕ್ಷಕರು ಮುಂದಿನ ಕಪಾಟಿಗೆ ಹೋಗಿದ್ದರು. ಅಲ್ಲಿದ್ದ ಹದಿನಾಲ್ಕು ವಿದ್ಯಾರ್ಥಿಗಳಿಗೂ ನಿಜ ಗೊತ್ತಿತ್ತು. ಅಂಕದ ಆಸೆಗೆ ಒಬ್ಬನೂ ತುಟಿ ಬಿಚ್ಚಲಿಲ್ಲ. ಈ ಸಾಲು ಬರೆಯುತ್ತಿರುವ ಹೇಡಿಯೂ ಅವರಲ್ಲೊಬ್ಬ.

ಆ ತಿಂಗಳೇ ಹೊನ್ನೂರಪ್ಪನ ಕೆಲಸ ಹೋಯಿತು. ವೆಂಕಣ್ಣನವರು ಪ್ರೊಫೆಸರಾದರು, ಗಿಡವನ್ನು ಸರಿಯಾದ ಕಪಾಟಿಗೆ ಸೇರಿಸಿದ ಕೀರ್ತಿಯೂ ಅವರಿಗೇ ಬಂತು.

ಯಾವುದು ಎಲ್ಲಿಗೆ ಸೇರಿದ್ದೆಂದು ಬಲ್ಲ ಇಂಥವರು ಪ್ರತಿ ಕಾಲೇಜಿನಲ್ಲೂ ಕಚೇರಿಯಲ್ಲೂ ಇರುತ್ತಾರೆ. ಅವರ ಅರಿವನ್ನು ಬಳಸಿಕೊಳ್ಳುವಾಗ ಯಾರೂ ಅವರ ಹೆಸರು ಕೇಳುವುದಿಲ್ಲ. ತಪ್ಪಿಗೊಂದು ಹೆಸರು ಬೇಕಾದ ದಿನ ಮಾತ್ರ ಅದು ಎಲ್ಲರಿಗೂ ನೆನಪಾಗುತ್ತದೆ.