ಯೆರೂಸಲೇಮಿನ ಹಿರಿಯ ಸೋಲಬೇಕು

ಮಾತಿನಲ್ಲಿ ಸೋಲುವುದು ಹೇಗೆಂದು ಕುಶಾಲಪ್ಪನಿಗೆ ಗೊತ್ತಿರಲಿಲ್ಲ. ಕಲಿಯುವ ಸಂದರ್ಭವೇ ಬಂದಿರಲಿಲ್ಲ. ತಾಳಮದ್ದಳೆಯಲ್ಲಿ ಅವನು ರಾಜ್ಯ ಕಳೆದುಕೊಳ್ಳುವ ಅರಸನಾಗಿ ಕೂತರೂ, ಬಾಣ ತಾಗಿ ಸಾಯುವ ವೀರನಾಗಿ ಕೂತರೂ, ಕೊನೆಗೆ ನೀರು ಕೇಳುತ್ತಿದ್ದವನು ಎದುರಿನ ಅರ್ಥಧಾರಿ. ಕತೆಯಲ್ಲಿ ಗೆಲುವು ಎದುರಾಳಿಗೆ, ಚಪ್ಪಾಳೆ ಕುಶಾಲಪ್ಪನಿಗೆ. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಎಲ್ಲರೂ ಒಪ್ಪಿಕೊಂಡ ಹಂಚಿಕೆ ಅದು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹಾಡಿದ ಮೇಲೆ ಕೂತಲ್ಲೇ ಅರ್ಥ ಹೇಳಿ ವಾದಿಸುವ ಆ ಕಲೆಯಲ್ಲಿ ಅವನ ಬಂಡವಾಳವೆಂದರೆ ನಾಲಗೆ ಒಂದೇ. ಹಗಲು ಹೊತ್ತು ಅದೇ ನಾಲಗೆ ಮಾಣಿ ಜಂಕ್ಷನ್ನಿನ ಅವನ ಹೋಟೆಲಿನಲ್ಲಿ ಕೆಲಸ ಮಾಡುತ್ತಿತ್ತು. ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ದೂರಲು ಬಂದ ಗಿರಾಕಿಗಳು ತಮ್ಮ ಬಾಯಿರುಚಿಯೇ ಕೆಟ್ಟಿದೆಯೆಂದು ಒಪ್ಪಿಕೊಂಡು, ಇನ್ನೊಂದು ಸೌಟು ಹಾಕಿಸಿಕೊಂಡು ಹೋಗುತ್ತಿದ್ದರು.

ಅಂಥವನ ಹೋಟೆಲಿಗೆ ಒಂದು ಮಧ್ಯಾಹ್ನ ಫಾದರ್ ಆಲ್ವಿನ್ ಬಂದರು. ಫರಂಗಿಪೇಟೆಯಿಂದ ಸ್ವಲ್ಪ ಒಳಗಿರುವ ಅವರ ಚರ್ಚಿನ ವಾರ್ಷಿಕ ಹಬ್ಬಕ್ಕೆ ಈ ಸಲ ತಾಳಮದ್ದಳೆ ಇಟ್ಟುಕೊಂಡಿದ್ದರು. ಭಾಗವತ ಡೊಂಬಯ್ಯ ಹೊಸ ಪ್ರಸಂಗವನ್ನೇ ಕಟ್ಟಿದ್ದ. ಅದರಲ್ಲಿ ಎರಡೇ ಪಾತ್ರ. ಲೋಕವನ್ನು ಉದ್ಧರಿಸಲು ಬರಬೇಕಾದ ಮೆಸ್ಸೀಯ ಬಂದಾಯಿತು, ಅವನೇ ಯೇಸು ಎನ್ನುವ ಒಬ್ಬ ಶಿಷ್ಯ. ಬಂದಿಲ್ಲ, ಇನ್ನು ಬರಬೇಕಷ್ಟೆ ಎನ್ನುವ ಯೆರೂಸಲೇಮಿನ ಒಬ್ಬ ಯೆಹೂದಿ ಹಿರಿಯ. ಶಿಷ್ಯನ ಪಾತ್ರಕ್ಕೆ ಮೂಡುಬಿದಿರೆಯ ಕಾಲೇಜಿನಲ್ಲಿ ಕನ್ನಡ ಕಲಿಸುವ ವೆಲೀಟಾ ಮೊರಾಸ್ ಒಪ್ಪಿದ್ದಳು. ಹಿರಿಯನ ಪಾತ್ರಕ್ಕೆ ಕುಶಾಲಪ್ಪ ಬೇಕಿತ್ತು. ಕೊನೆಯ ಪದ್ಯದಲ್ಲಿ ಆ ಹಿರಿಯ ಶರಣೆಂದು ತಲೆಬಾಗುತ್ತಾನೆ.

ಇಷ್ಟು ಹೇಳಿ ಫಾದರ್ ಚಾದ ಗ್ಲಾಸನ್ನು ಒಂದು ಸುತ್ತು ತಿರುಗಿಸಿದರು.

"ನಮ್ಮ ಹಬ್ಬ ಅಲ್ವಾ ಕುಶಾಲಣ್ಣ. ನೀವು ಸ್ವಲ್ಪ ಸೋಲಬೇಕು."

"ಪದ್ಯ ಹೇಳಿದ ಮೇಲೆ ಸೋಲದೆ ಉಂಟಾ ಫಾದರ್?"

"ಪದ್ಯದಲ್ಲಿ ನೀವು ಯಾವಾಗಲೂ ಸೋಲ್ತೀರಿ. ನಾನು ಹೇಳಿದ್ದು ಮಾತಿನಲ್ಲಿ."

ಕುಶಾಲಪ್ಪ ನಕ್ಕ. ಒಪ್ಪಲೂ ಇಲ್ಲ, ಬಿಡಲೂ ಇಲ್ಲ. ಬೇರೆ ತೊಡಕು ತೆಗೆದ. ಕಂಡು ಕೇಳದ ಜಾತಿಯವರ ಅರ್ಥ ಹೇಳುವುದಾದರೂ ಹೇಗೆ, ಈ ಯೆಹೂದಿಗಳನ್ನು ತಾನು ಹುಟ್ಟಿದ ಮೇಲೆ ನೋಡಿಯೇ ಇಲ್ಲ ಎಂದು ಹೋಟೆಲಿಗೆಲ್ಲ ಕೇಳುವ ಹಾಗೆ ಹೇಳಿದ.

"ನೋಡಿದ್ದೀರಿ," ಎಂದಿತು ಮೂಲೆಯ ಮೇಜು. "ಒಂದು ವರ್ಷದಿಂದ ಒಬ್ಬ ಯೆಹೂದಿಗೆ ಬಂಗುಡೆ ಬಡಿಸ್ತಾ ಇದ್ದೀರಿ."

ಮೂಲೆಯಲ್ಲಿ ಕೂತಿದ್ದವನು ಬೆಂಜಮಿನ್ ಪೇಣಕರ್, ಹೆದ್ದಾರಿ ಅಗಲ ಮಾಡುವ ಕೆಲಸದ ಇಂಜಿನಿಯರು. ಅವನ ಊರು ಮುಂಬೈಯ ಆಚೆಗಿನ ಪನವೇಲ್. ಅವನ ಬಗ್ಗೆ ಮಾಣಿಯಲ್ಲಿ ಯಾರಿಗೂ ಸಂಶಯವಿರಲಿಲ್ಲ. ಪ್ರತಿಯೊಬ್ಬರಿಗೂ ಬೇರೆಬೇರೆ ಖಾತ್ರಿಯಿತ್ತು. ಬೆಂಜಮಿನ್ ಎಂಬ ಹೆಸರು ಕೇಳಿ ಫಾದರ್ ಕಳೆದ ಕ್ರಿಸ್‌ಮಸ್ಸಿಗೆ ಅವನಿಗೆ ಹಬ್ಬದ ತಿಂಡಿ ಕುಸ್ವಾರಿನ ಪೊಟ್ಟಣ ಕಳಿಸಿದ್ದರು, ಪೂಜೆಗೆ ಬರುವುದಿಲ್ಲವೆಂದು ಒಳಗೊಳಗೇ ಬೇಸರಿಸಿಯೂ ಇದ್ದರು. ಪೇಣಕರ್ ಎಂಬುದನ್ನು ಕೇಳಿದ ಪೇಟೆಯ ಕೊಂಕಣಿಗರು ಅವನು ತಮ್ಮವನೇ, ಮೀನು ತಿನ್ನುವ ಪಂಗಡದವನು ಎಂದು ತೀರ್ಮಾನಿಸಿದ್ದರು. ಬಂಗುಡೆ, ಕಾಣೆ ತಿನ್ನುವವನು ಸಿಗಡಿ, ಏಡಿ, ಚಿಪ್ಪಿನ ಮರುವಾಯಿಗಳನ್ನು ಮುಟ್ಟುವುದಿಲ್ಲ ಎನ್ನುವುದನ್ನು ಕುಶಾಲಪ್ಪ ಮಾತ್ರ ಗಮನಿಸಿದ್ದ. ಪಾಪ, ಮೈ ತುರಿಸುವ ಕಾಯಿಲೆ ಇರಬೇಕೆಂದು ಕನಿಕರಪಟ್ಟಿದ್ದ. ನೀರಿನದರಲ್ಲಿ ಮೈಮೇಲೆ ಪೊರೆಯೂ ಈಜುರೆಕ್ಕೆಯೂ ಇಲ್ಲದ್ದನ್ನು ನಮ್ಮವರು ತಿನ್ನುವುದಿಲ್ಲ, ಅಷ್ಟೆ ಎಂದು ಈಗ ಬೆಂಜಮಿನ್ ವಿವರಿಸಿದ. ಫಾದರ್ ಮುಖ ಕೆಂಪಾಯಿತು.

"ಕುಸ್ವಾರ್ ಚೆನ್ನಾಗಿತ್ತು ಫಾದರ್," ಎಂದ ಬೆಂಜಮಿನ್. "ಅದರ ಬಗ್ಗೆ ನಮ್ಮ ಧರ್ಮದಲ್ಲಿ ತಕರಾರಿಲ್ಲ."

ಮರುದಿನದಿಂದ, ಊಟದ ಗದ್ದಲ ಇಳಿದ ಮೇಲೆ, ಮೂಲೆಯ ಮೇಜಿನಲ್ಲಿ ಪಾಠ ಸುರುವಾಯಿತು. ಬೆಂಜಮಿನ್ ಪಂಡಿತನೇನಲ್ಲ. ಗೊತ್ತಿದ್ದಷ್ಟು ಹೇಳುತ್ತಿದ್ದ, ಗೊತ್ತಿಲ್ಲದ್ದಕ್ಕೆ ಪನವೇಲಿನ ಮಾವನಿಗೆ ಫೋನು ಮಾಡಿ ಸ್ಪೀಕರಿನಲ್ಲಿ ಇಡುತ್ತಿದ್ದ. ಮಾವ ಮರಾಠಿಯಲ್ಲಿ ಗದರುವುದು ಕೈ ತೊಳೆಯುವ ಜಾಗದವರೆಗೂ ಕೇಳುತ್ತಿತ್ತು. ಮೆಸ್ಸೀಯ ಎಂದರೆ ಅಭಿಷಿಕ್ತ, ತಲೆಗೆ ಎಣ್ಣೆ ಎರೆಸಿಕೊಂಡವನು; ಹಳೆಯ ಕಾಲದಲ್ಲಿ ಅರಸರಿಗೂ ಪುರೋಹಿತರಿಗೂ ಹಾಗೆ ಎರೆಯುತ್ತಿದ್ದರು. ಹಾಗಾದರೆ ತನ್ನ ಅಡುಗೆಯವನು ದಿನಕ್ಕೆ ಹತ್ತು ಸಲ ಅಭಿಷಿಕ್ತನಾಗುತ್ತಾನೆಂದು ಕುಶಾಲಪ್ಪ ತಮಾಷೆ ಮಾಡಿದ. ಬೆಂಜಮಿನ್ ನಕ್ಕು, ಎಣ್ಣೆಯ ವಿಷಯದಲ್ಲಿ ತಮ್ಮನ್ನು ಮೀರಿಸುವವರಿಲ್ಲ ಎಂದ. ಹಡಗು ಒಡೆದು ಕೊಂಕಣದ ದಂಡೆಗೆ ಬಂದು ಬಿದ್ದ ಅವನ ಹಿರಿಯರು ಗಾಣ ಹಾಕಿ ಬದುಕಿದವರಂತೆ. ಶನಿವಾರ ಮಾತ್ರ ಗಾಣ ತಿರುಗಿಸುತ್ತಿರಲಿಲ್ಲವಾದ್ದರಿಂದ ಅಲ್ಲಿನವರು ಅವರನ್ನು ಶನಿವಾರದ ಗಾಣಿಗರು ಎಂದೇ ಕರೆಯುತ್ತಿದ್ದರಂತೆ.

"ನಮ್ಮ ಕಡೆಯಿಂದ ಎಣ್ಣೆ ರೆಡಿ ಉಂಟು," ಎಂದ. "ಎರೆಸಿಕೊಳ್ಳುವವನು ಬರಬೇಕು."

ಬರುವವನು ದೇವರಲ್ಲ, ಮನುಷ್ಯನೇ. ದಾವೀದ ಅರಸನ ವಂಶದವನು. ಅವನು ಬಂದನೆಂದರೆ ಯಾರೂ ಯಾರಿಗೂ ವಿವರಿಸಿ ಹೇಳಬೇಕಾಗುವುದಿಲ್ಲ. ಚದುರಿ ಹೋದವರು ಊರಿಗೆ ಮರಳುತ್ತಾರೆ, ಬಿದ್ದ ದೇವಾಲಯ ಏಳುತ್ತದೆ, ಯುದ್ಧ ನಿಲ್ಲುತ್ತದೆ. ಪಾಪ ಕಳೆಯಲು ಅವನ ಸಾವು ಬೇಕಿಲ್ಲ. ತಪ್ಪು ಮಾಡಿದವನು ಮನಸ್ಸು ತಿರುಗಿಸಿ ದೇವರ ಕಡೆ ಬಂದರೆ ಸಾಕು. ಕ್ರೈಸ್ತರ ಲೆಕ್ಕ ಬೇರೆ ಎಂದು ಫಾದರ್ ಆಲ್ವಿನ್ ಇನ್ನೊಂದು ದಿನ ಬಂದು ತಮ್ಮ ಪಾಲಿನದು ಹೇಳಿದರು. ಬಂದವನು ದೇವಪುತ್ರ, ನೋವುಂಡು ಸತ್ತು ಎದ್ದದ್ದೇ ಅವನ ಪಟ್ಟಾಭಿಷೇಕ, ಉಳಿದ ಕೆಲಸ ಮುಗಿಸಲು ಮತ್ತೆ ಬರುತ್ತಾನೆ. ಮೀನಿನ ಬುಟ್ಟಿ ಇಳಿಸಲು ಬಂದಿದ್ದ ಮೊಯಿದಿನಬ್ಬ ಬಾಗಿಲಲ್ಲೇ ನಿಂತು ಕೇಳಿಸಿಕೊಂಡು, ತಮ್ಮಲ್ಲಿಯೂ ಈಸಾ ನಬಿ, ಎಂದರೆ ಇವರ ಯೇಸುವೇ, ಮಸೀಹ್, ದೇವರ ಮಗನಲ್ಲ, ಆದರೆ ಅವರಿಗೂ ಇನ್ನೊಮ್ಮೆ ಬರಲಿಕ್ಕುಂಟು ಎಂದು ಸೇರಿಸಿದ. ಇಷ್ಟು ಮಂದಿ ಬರುವಾಗ ಈ ರಸ್ತೆಯ ಕೆಲಸ ಮುಗಿದಿರುತ್ತದಾ ಎಂದು ಬೆಂಜಮಿನ್ನನ್ನೇ ಕೇಳಿದ. ಅದಕ್ಕೆ ಮಾತ್ರ ಬೆಂಜಮಿನ್ ಮಾವನಿಗೆ ಫೋನು ಮಾಡಲಿಲ್ಲ.

ಹಬ್ಬಕ್ಕೆ ತಾನೂ ಬರುತ್ತೇನೆ ಎಂದು ಅವನು ಹೇಳಿದ್ದು ಕೊನೆಯ ಪಾಠದ ದಿನ.

"ನೀವು ಗೆಲ್ಲಬೇಕು ಅಂತ ಇಲ್ಲ ಕುಶಾಲಣ್ಣ. ನಾವು ದಡ್ಡರೋ ಹಠಮಾರಿಗಳೋ ಅಲ್ಲ, ಕಾಯುವವರು. ಅದು ಜನಕ್ಕೆ ಗೊತ್ತಾದರೆ ಸಾಕು. ನಮ್ಮ ಪರವಾಗಿ ಒಬ್ಬ ಇಷ್ಟು ಜನರ ಎದುರು ಕೂತು ಮಾತಾಡುವುದನ್ನು ನಾನು ಎಲ್ಲಿಯೂ ಕೇಳಿಲ್ಲ."

ಕುಶಾಲಪ್ಪ ಅಂದಿನಿಂದ ಗಿರಾಕಿಗಳ ಜೊತೆ ವಾದಿಸುವುದನ್ನೂ ಮರೆತ. ಬೇಕೆಂದೇ ಸೋತರೆ ದಿನಾ ಎದುರು ಕೂತು ಉಣ್ಣುವವನಿಗೆ ಅವಮಾನ. ಗೆದ್ದರೆ ಕರೆದು ಕೂರಿಸಿದವರ ಹಬ್ಬ ಹಾಳು. ಹೆಂಡತಿ ಕಾಂತಿ ಗಲ್ಲಾದಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ಮೂವತ್ತು ವರ್ಷ ಬಾಯಿ ಮುಚ್ಚದವರಿಗೆ ಒಂದು ದಿನವಾದರೂ ಹೀಗೆ ಆಗಬೇಕಿತ್ತು ಎನ್ನುವುದು ಅವಳ ಅಭಿಪ್ರಾಯ.

ಹಬ್ಬದ ಸಂಜೆ ಚರ್ಚಿನ ಅಂಗಳ ತುಂಬಿತ್ತು. ವೇದಿಕೆಯಲ್ಲಿ ನಡುವೆ ಡೊಂಬಯ್ಯ, ಅವನ ಪಕ್ಕ ಚೆಂಡೆ ಮದ್ದಳೆ. ಒಂದು ಬದಿಗೆ ಶಲ್ಯ ಹೊದ್ದ ಕುಶಾಲಪ್ಪ, ಎದುರಿಗೆ ಬಿಳಿ ಸೀರೆಯ ವೆಲೀಟಾ. ಮುಂದಿನ ಸಾಲಿನಲ್ಲಿ ಫಾದರ್ ಆಲ್ವಿನ್, ಅವರ ಪಕ್ಕದಲ್ಲೇ ಬೆಂಜಮಿನ್. ಫಾದರೇ ಒತ್ತಾಯ ಮಾಡಿ ಅಲ್ಲಿ ಕೂರಿಸಿದ್ದರು.

ವೆಲೀಟಾ ಚೆನ್ನಾಗಿಯೇ ಸುರುಮಾಡಿದಳು. ಸ್ವಚ್ಛ ಕನ್ನಡ, ಹದವಾದ ಧ್ವನಿ. ಪ್ರವಾದಿಗಳು ಹೇಳಿದ್ದೆಲ್ಲ ಹೇಗೆ ಒಬ್ಬನಲ್ಲೇ ಕೂಡಿ ಬಂತೆಂದು ಒಂದೊಂದಾಗಿ ಬಿಡಿಸಿಟ್ಟಳು. ಕುಶಾಲಪ್ಪ ಕಣ್ಣು ಮುಚ್ಚಿ ಕೇಳಿದ. ಸೋಲಬೇಕು, ಸ್ವಲ್ಪವೇ ಸ್ವಲ್ಪ ಸೋಲಬೇಕು ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಬಾಯಿ ತೆರೆದದ್ದೇ ತಡ, ನಾಲಗೆ ಹಳೆಯ ಎತ್ತಿನ ಹಾಗೆ ತನಗೆ ಗೊತ್ತಿದ್ದ ದಾರಿಯನ್ನೇ ಹಿಡಿಯಿತು.

"ಮಗೂ, ಶಾಂತಿಯ ಅರಸ ಬಂದನೆಂದೆ. ಸಂತೋಷ. ಹಾಗಾದರೆ ನನ್ನ ಮನೆಯ ಬಾಗಿಲಲ್ಲಿ ಈಟಿ ಹಿಡಿದು ನಿಂತ ಆ ರೋಮಿನ ಸೈನಿಕನಿಗೆ ಯಾಕೆ ಇನ್ನೂ ಸುದ್ದಿ ಮುಟ್ಟಿಲ್ಲ?"

ಅಂಗಳ ನಕ್ಕಿತು. ವೆಲೀಟಾ ಹಿಂಜರಿಯಲಿಲ್ಲ. ವೈದ್ಯ ಮನೆಯೊಳಗೆ ಕಾಲಿಟ್ಟ ಗಳಿಗೆಗೇ ಜ್ವರ ಬಿಡುತ್ತದೆಯೇ ಎಂದು ಕೇಳಿದಳು. ಬಿಡುವುದಿಲ್ಲ, ಆದರೆ ಬಂದವನು ವೈದ್ಯನೆಂದು ಹೇಗೆ ತಿಳಿಯಬೇಕು, ಜ್ವರ ಬಿಟ್ಟ ಮೇಲೆ ತಾನೇ ಎಂದ ಕುಶಾಲಪ್ಪ. ಅವನು ಹೋಗುವಾಗ ಮತ್ತೆ ಬರುತ್ತೇನೆಂದು ಮಾತು ಕೊಟ್ಟಿದ್ದಾನೆ ಎಂದಳು ಅವಳು.

"ಹೋಗುವವರೆಲ್ಲ ಹಾಗೇ ಹೇಳುವುದು ಮಗೂ. ಹೋಗುತ್ತೇನೆ ಎಂದು ಹೇಳಿ ಹೊಸ್ತಿಲು ದಾಟಿದವನನ್ನು ನಾನು ಇದುವರೆಗೆ ಕಂಡಿಲ್ಲ. ಬರುತ್ತೇನೆ ಎಂದೇ ಎಲ್ಲರೂ ಹೋದದ್ದು."

ಈ ಸಲ ನಗು ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಉರುಳಿಕೊಂಡು ಬಂತು. ಕೈ ಕಟ್ಟಿ ಕೂತಿದ್ದ ಅಜ್ಜಿಯಂದಿರು ಕೂಡ ಸೆರಗಿನೊಳಗೆ ನಕ್ಕರು. ವೆಲೀಟಾ ನಗು ಇಳಿಯುವುದನ್ನು ಕಾದಳು. ಅವಳ ಕೈ ನೀರಿನ ಲೋಟದತ್ತ ಹೋಯಿತು. ಈ ಕೈಯನ್ನು ಕುಶಾಲಪ್ಪ ನೂರಾರು ವೇದಿಕೆಗಳಲ್ಲಿ ನೋಡಿದ್ದ. ಆಟ ಮುಗಿಯಿತೆನ್ನುವುದರ ಗುರುತು ಅದು. ಅಭ್ಯಾಸದಂತೆ ಅವನು ಶಲ್ಯ ಸರಿಮಾಡಿಕೊಂಡು ಸಭೆಯತ್ತ ನೋಡಿದ.

ಫಾದರ್ ನಗುತ್ತಿದ್ದರು, ಆದರೆ ತುಟಿಯಲ್ಲಿ ಮಾತ್ರ. ಬೆಂಜಮಿನ್ ನಗುತ್ತಿರಲಿಲ್ಲ. ಮದುವೆ ಮನೆಗೆ ಹೋಗಿ ತನ್ನ ಕಡೆಯವನೊಬ್ಬ ಮದುಮಗಳ ಅಪ್ಪನನ್ನು ಗೇಲಿ ಮಾಡುವುದನ್ನು ಕೇಳಬೇಕಾಗಿ ಬಂದವನಂತೆ, ಅವನು ತನ್ನ ಚಪ್ಪಲಿ ನೋಡುತ್ತ ಕೂತಿದ್ದ.

ಕುಶಾಲಪ್ಪ ಶಲ್ಯದಿಂದ ಕೈ ತೆಗೆದ. ಈ ಹುಡುಗನಿಗೆ ಬೇಕಿದ್ದದ್ದು ಇದಲ್ಲ. ಕಾಯುವ ಮುದುಕನೊಬ್ಬನ ಅರ್ಥ ಹೇಳಲು ಬಂದು, ಅಣಕಿಸುವ ಮುದುಕನೊಬ್ಬನನ್ನು ತಾನು ಕೂರಿಸಿಬಿಟ್ಟಿದ್ದೇನೆ. ಕಾಯುವವನು ಯಾಕೆ ಅಣಕಿಸುತ್ತಾನೆ? ಬಸ್ಸಿಗೆ ಕಾದು ನಿಂತವನು, ಬಸ್ಸು ಬಂತೆಂದು ಯಾರಾದರೂ ಹೇಳಿದರೆ, ನಗುವುದಿಲ್ಲ. ಕತ್ತು ಉದ್ದ ಮಾಡಿ ನೋಡುತ್ತಾನೆ.

ಡೊಂಬಯ್ಯ ಮುಂದಿನ ಪದ್ಯಕ್ಕೆ ತಾಳ ಎತ್ತಿದ್ದ. ಕುಶಾಲಪ್ಪ ಕೈ ಮಾಡಿ ನಿಲ್ಲಿಸಿದ. ಭಾಗವತನನ್ನು ಅವನು ತಡೆದದ್ದು ಅದೇ ಮೊದಲು.

"ಮಗೂ, ಗ್ರಂಥ ಬದಿಗಿಡು," ಎಂದ. ಧ್ವನಿ ಇಳಿದಿತ್ತು. "ನಾನು ನಿನ್ನ ಎರಡರಷ್ಟು ವಯಸ್ಸಿನವನು. ಚಿಕ್ಕಂದಿನಿಂದ ದಾರಿ ನೋಡುತ್ತ ಕೂತವನು. ನಾನು ಕಾಯುತ್ತಿದ್ದವನನ್ನು ನೀನು ಕಂಡೆ ಎನ್ನುತ್ತೀ. ನಿನಗೆ ಅವನು ಹೇಗೆ ಕಂಡ? ಅದೊಂದು ಹೇಳು. ನಾನು ಕೇಳುತ್ತೇನೆ."

ವೆಲೀಟಾ ಲೋಟ ಕೆಳಗಿಟ್ಟಳು. ತಾಳಮದ್ದಳೆಯಲ್ಲಿ ಯಾರೂ ಇಂಥ ಪ್ರಶ್ನೆ ಕೇಳುವುದಿಲ್ಲ. ಇದು ಎದುರಾಳಿಗೆ ಕತ್ತಿಯ ಹಿಡಿಯನ್ನೇ ಚಾಚಿದ ಹಾಗೆ. ಅವಳು ಅವನ ಮುಖ ನೋಡಿದಳು, ಇದರಲ್ಲಿ ಏನಾದರೂ ಬಲೆ ಉಂಟೋ ಎನ್ನುವ ಹಾಗೆ. ಆಮೇಲೆ ಹೇಳಿದಳು.

"ಅಜ್ಜಾ, ನಾನು ಸುಂಕದ ಕಟ್ಟೆಯಲ್ಲಿ ಕೂತು ಊರಿನ ಶಾಪ ಉಂಡವನು. ನನ್ನ ಮನೆಯ ನೀರನ್ನು ಯಾರೂ ಮುಟ್ಟುತ್ತಿರಲಿಲ್ಲ. ಅವನು ಬಂದು ನನ್ನ ಎಲೆಯ ಪಕ್ಕ ಎಲೆ ಹಾಕಿಸಿಕೊಂಡು ಕೂತ. ಊಟ ಮುಗಿಯುವಷ್ಟರಲ್ಲಿ ನನಗೆ ಯಾರ ಮೇಲೂ ದ್ವೇಷ ಉಳಿದಿರಲಿಲ್ಲ. ಲೋಕದ ಯುದ್ಧ ನಿಂತಿಲ್ಲ, ನಿಜ. ನನ್ನೊಳಗಿನದು ನಿಂತಿತು. ನಿಲ್ಲಿಸಿದವನಿಗೆ ನಾನು ಬೇರೆ ಯಾವ ಹೆಸರು ಇಡಲಿ?"

ಹೋಟೆಲಿನವನಾದ ಕುಶಾಲಪ್ಪನಿಗೆ ಆ ಎಲೆಯ ಮಾತು ನೇರ ಒಳಗಿಳಿಯಿತು. ಯಾರ ಪಕ್ಕ ಯಾರು ಕೂರುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಡೊಂಬಯ್ಯ ಅವನ ಕಡೆ ನೋಡಿ, ಈಗ ಅಡ್ಡಿಯಿಲ್ಲವೆಂದು ಖಚಿತಮಾಡಿಕೊಂಡು, ಕೊನೆಯ ಪದ್ಯ ಎತ್ತಿದ. ಪದ್ಯದಲ್ಲಿ ಹಿರಿಯ ಶರಣೆಂದು ತಲೆಬಾಗಿದ.

ಕುಶಾಲಪ್ಪ ಕೈ ಜೋಡಿಸಿ ತಲೆಬಾಗಿದ. ಬಾಗಿಸಿಕೊಂಡೇ ಅರ್ಥ ಹೇಳಿದ.

"ಶರಣು, ಮಗೂ. ನಿನ್ನನ್ನೂ ನನ್ನನ್ನೂ ಮಾಡಿದ ಒಬ್ಬನೇ ದೇವರಿಗೆ ಶರಣು. ನಿನ್ನ ಎಲೆಯ ಪಕ್ಕ ಕೂತವನಿಗೆ ನನ್ನ ಗೌರವ. ಆದರೆ ನನ್ನ ಕಾಯುವಿಕೆ ಮುಗಿದಿಲ್ಲ, ಅದನ್ನು ಮುಗಿಯಿತು ಎಂದರೆ ನನ್ನ ಅಜ್ಜಂದಿರಿಗೆ ಸುಳ್ಳು ಹೇಳಿದ ಹಾಗೆ. ನೀನು ಬಂದು ಹೋದವನ ದಾರಿ ನೋಡು. ನಾನು ಬಾರದವನ ದಾರಿ ನೋಡುತ್ತೇನೆ. ಜಗಳಕ್ಕೆ ಕೂತರೆ ಇಬ್ಬರ ಕಣ್ಣೂ ದಾರಿಯ ಮೇಲೆ ಇರುವುದಿಲ್ಲ."

ಮದ್ದಳೆಯವನು ಮಂಗಳಕ್ಕೆ ಪೆಟ್ಟು ಹಾಕಿದ ಮೇಲೆಯೇ ಸಭೆಗೆ ಕೈಗಳಿರುವುದು ನೆನಪಾದದ್ದು. ಎದ್ದು ನಿಂತು ಚಪ್ಪಾಳೆ ತಟ್ಟಿದವರಲ್ಲಿ ಫಾದರ್ ಮೊದಲಿಗರು. ಬೆಂಜಮಿನ್ ಎದ್ದಿದ್ದ, ಆದರೆ ಚಪ್ಪಾಳೆ ತಟ್ಟುತ್ತಿರಲಿಲ್ಲ. ಫೋನನ್ನು ವೇದಿಕೆಯ ಕಡೆ ಹಿಡಿದಿದ್ದ. ಒಂದು ಅಕ್ಷರವೂ ತಿಳಿಯದ ಪನವೇಲಿನ ಮಾವ ಅಷ್ಟು ಹೊತ್ತೂ ಕನ್ನಡ ಕೇಳುತ್ತಿದ್ದರು.

ಊಟಕ್ಕೆ ಇಡ್ಲಿಯಂಥ ಸಾನ್ನ, ಹಂದಿ ಮಾಂಸದ ಸಾರು ಬಫಾತ್. ಸಸ್ಯಾಹಾರದ ಸಾಲು ಬೇರೆ ಇತ್ತು. ಅಲ್ಲಿ ಬೆಂಜಮಿನ್ನೂ ಮೊಯಿದಿನಬ್ಬನೂ ತಟ್ಟೆ ಹಿಡಿದು ಒಬ್ಬರ ಹಿಂದೆ ಒಬ್ಬರು ನಿಂತು, ಈ ಒಂದು ವಿಷಯದಲ್ಲಿ ತಮ್ಮಿಬ್ಬರ ಗ್ರಂಥಗಳಿಗೂ ಭಿನ್ನಾಭಿಪ್ರಾಯವಿಲ್ಲವಲ್ಲ ಎಂದು ಪರಸ್ಪರ ಅಭಿನಂದಿಸಿಕೊಳ್ಳುತ್ತಿದ್ದರು. ಕುಶಾಲಪ್ಪ ಹತ್ತಿರ ಬಂದಾಗ ಬೆಂಜಮಿನ್ ತಟ್ಟೆಯನ್ನು ಮೊಯಿದಿನಬ್ಬನ ಕೈಗೆ ಕೊಟ್ಟ.

"ನಮ್ಮ ಮಾವ ನಿಮ್ಮನ್ನು ಕೇಳಿದರು. ಆ ಮುದುಕನ ಸ್ವರ ತಮ್ಮ ಅಜ್ಜನ ಹಾಗೆ ಉಂಟಂತೆ."

ಏನಾದರೂ ಹೇಳಬೇಕೆಂದು ಕುಶಾಲಪ್ಪ ಬಾಯಿ ತೆರೆದ. ಮಾತು ಬರಲಿಲ್ಲ. ಕಾಂತಿ ಅದನ್ನು ದೂರದಿಂದಲೇ ನೋಡಿ, ಪಕ್ಕದವಳನ್ನು ತಿವಿದು ತೋರಿಸಿದಳು.

ಅಷ್ಟರಲ್ಲಿ ವೆಲೀಟಾ ಬಂದಳು. ಬೈಯಲು ಬಂದಳೋ ಎಂದು ಅವನು ಅಂದುಕೊಂಡ.

"ಮೂಡುಬಿದಿರೆಯಲ್ಲಿ ನಮ್ಮ ಕಾಲೇಜಿನವರು ಇದೇ ಪ್ರಸಂಗ ಇಡಬೇಕು ಅಂತಿದ್ದಾರೆ, ಕುಶಾಲಣ್ಣ. ನಾನು ಒಂದು ಷರತ್ತಿನ ಮೇಲೆ ಬರ್ತೇನೆ. ಅಲ್ಲಿ ಹಿರಿಯ ನಾನು. ಶಿಷ್ಯ ನೀವು."

ಅವನು ಹೂಂ ಎಂದುಬಿಟ್ಟ. ಎಂದ ಮೇಲೆ ಅದರ ಭಾರ ಗೊತ್ತಾಯಿತು. ಮನೆಗೆ ಹೋಗುವ ದಾರಿಯುದ್ದಕ್ಕೂ, ಕಾಂತಿ ಕಾರು ಓಡಿಸುತ್ತಿರುವಾಗ, ಅವನು ಪಕ್ಕದಲ್ಲಿ ಕೂತು ಶಿಷ್ಯನ ಮಾತುಗಳನ್ನು ಮನಸ್ಸಿನಲ್ಲೇ ಕಟ್ಟಿದ. ಕಟ್ಟಿದ್ದಕ್ಕೆಲ್ಲ ಎದುರಿನಿಂದ ಆ ಮುದುಕ ಉತ್ತರ ಕೊಡುತ್ತಲೇ ಹೋದ. ಕಲ್ಲಡ್ಕ ದಾಟುವಾಗ ಕುಶಾಲಪ್ಪ ಒಬ್ಬನೇ ಜೋರಾಗಿ ನಕ್ಕ.

ಏನಾಯಿತೆಂದು ಕಾಂತಿ ಕೇಳಿದಳು.

"ಸೋತೆ ಮಾರಾಯ್ತಿ," ಎಂದ ಅವನು. ಅವನ ಮುಖ ಹಬ್ಬದ ಊಟ ಉಂಡವನ ಹಾಗಿತ್ತು.